ಸಮುದ್ರದೂರಿನ ಗಂಡಿಗೆ ಹೆಣ್ಣು ಕೊಡುವವರು

ಎರೆಹೊಲದ ಮನುಷ್ಯನನ್ನು ತಂದು ಸಮುದ್ರದ ಮುಂದೆ ನಿಲ್ಲಿಸಿದರೆ ಏನಾದರೊಂದು ಆಗದೆ ಇರುವುದಿಲ್ಲ. ಸಮುದ್ರ ತನ್ನ ಪಾಡಿಗೆ ತಾನಿರುತ್ತದೆ, ನಮ್ಮವರು ಸುಮ್ಮನಿರುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಘಟ್ಟ ಇಳಿದು ಬಂದವರಿಗೆ ವೆಂಗುರ್ಲಾದಲ್ಲಿ ರೊಟ್ಟಿ ಬಡಿಸುತ್ತ ನನ್ನ ಹರೆಯ ಕಳೆಯಿತು. ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಲಗ್ನ ತೂಗಾಡುತ್ತಿದ್ದ ವರ್ಷ ನಡೆದವನ್ನು ಮಾತ್ರ ಮರೆಯುವ ಹಾಗಿಲ್ಲ.

೧. ಊರು ಗಾಳಿ ಮಾರತೊಡಗಿದ್ದು

ನಮ್ಮಪ್ಪ ಬೈಲಹೊಂಗಲದವ. ಹತ್ತಿಯ ಅಂಡಿಗೆ ಹೇರಿದ ಬಂಡಿಗಳ ಜೊತೆ ಆಂಬೋಲಿ ಘಟ್ಟ ಇಳಿದು ಬಂದರಕ್ಕೆ ಬರುತ್ತಿದ್ದ. ಆಗ ವೆಂಗುರ್ಲಾ ಅಂದರೆ ಗೋದಾಮು, ಹಡಗು, ಹಮಾಲರ ಕೂಗು. ಬಂಡಿಯವರಿಗೆ ರೊಟ್ಟಿ ಸಿಗುವುದಿಲ್ಲವೆಂದು ಅಪ್ಪ ಅಲ್ಲೇ ಒಂದು ಖಾನಾವಳಿ ಹಾಕಿ ಕೂತ. ಮುಂದೆ ಬೆಳಗಾವಿಗೆ ರೈಲು ಬಂತು. ನಮ್ಮ ಕಡೆಯ ಹತ್ತಿಯೆಲ್ಲ ರೈಲಿನಲ್ಲಿ ಗೋವೆಯ ಬಂದರಕ್ಕೆ ಹೊರಳಿತು. ಊರಿಗೆ ಊರೇ ನೊಣ ಹೊಡೆಯುತ್ತ ಕೂತಿತು.

ಅಂಥ ಹೊತ್ತಿನಲ್ಲಿ ಬೆಳಗಾವಿ ಕ್ಯಾಂಪಿನ ಸಾಹೇಬರು ಬೇಸಿಗೆಗೆ ಬರತೊಡಗಿದರು. ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಸಮುದ್ರಕ್ಕೆ ಮುಖ ಮಾಡಿ ಕೂಡುವುದು, ಸಂಜೆಗೆ ಎದ್ದು ಹೋಗುವುದು. ಇವರು ಮಾಡುವುದಾದರೂ ಏನೆಂದು ಊರಿನವರು ಒಂದು ಬೇಸಿಗೆ ಪೂರ್ತಿ ಕಾದು ನೋಡಿದರು. ಗಾಳಿ ತಗೊಳ್ಳುತ್ತಾರೆ ಎಂದು ತಿಳಿಯಿತು. ಮರುವರ್ಷ ಹತ್ತಿಯ ಗೋದಾಮುಗಳಿಗೆ ಪಡುವಣದ ಕಡೆ ಕಿಟಕಿ ಬಂದವು. ಅಲ್ಲಿಯವರೆಗೆ ಹಂಚು ಹಾರಿಸುವುದೊಂದೇ ಕೆಲಸವಾಗಿದ್ದ ಗಾಳಿಗೆ ಧಾರಣೆ ಬಂತು.

ಅದರ ಮೊದಲ ದಲಾಲ ನನ್ನ ಸೋದರಮಾವ. ಬೈಲಹೊಂಗಲದಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದವ, ಹತ್ತಿ ಬೇರೆ ದಾರಿ ಹಿಡಿದ ಮೇಲೆ ನಮ್ಮ ಕಡೆಯ ರೋಗಿಗಳನ್ನು ಕೂಡಿಹಾಕಿ ಸಮುದ್ರಕ್ಕೆ ಕರೆತರತೊಡಗಿದ. ಆದರೆ ನಾಲಿಗೆ ಹಳೆಯದೇ. ದಂಡೆಯ ಮೇಲೆ ನಿಂತು ಗಾಳಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಗಿರಾಕಿಗೆ ಹೇಳುತ್ತಿದ್ದ: "ಇವತ್ತಿನ ಮಾಲು ನೋಡ್ರಿ. ಕಸಾ ಇಲ್ಲ, ಬೀಜ ಇಲ್ಲ. ಎಳಿ ಎಷ್ಟು ಉದ್ದ ಐತಿ."

ಅಪ್ಪ ಹೋದ ಮೇಲೆ ಖಾನಾವಳಿ ಅವ್ವನ ಮತ್ತು ನನ್ನ ಪಾಲಿಗೆ ಬಂತು. ರೊಟ್ಟಿ ಬಡಿದು ಬಡಿದು ಅವ್ವನ ರಟ್ಟೆ ಸೋತಿತ್ತು. ಆ ವರ್ಷ ಆಕೆ ಖಂಡಿತವಾಗಿ ಹೇಳಿಬಿಟ್ಟಳು: "ಈ ಸುಗ್ಗಿಯೊಳಗ ಮನಿಗೆ ಸೊಸಿ ಬರಲಿಲ್ಲಂದ್ರ ಒಲಿಗೆ ನೀರು ಹಾಕಿ ಬೈಲಹೊಂಗಲಕ್ಕ ನಡಿಯೂದು. ನಿಮ್ಮ ಮಾವನ ಮನ್ಯಾಗ ಒಂದು ಮೂಲಿ ಹಿಡದು ಕುಂತ್ರಾತು."

ಆ ಊರು ಬಿಡುವುದು ನನ್ನಿಂದ ಆಗದ ಮಾತಾಗಿತ್ತು. ಅಲ್ಲಿಯೇ ಹುಟ್ಟಿದವ ನಾನು, ಅಲೆಯ ಸಪ್ಪಳವಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಒಂದು ಬೊಗಸೆ ಮಣ್ಣಿಲ್ಲದ, ತಿಪ್ಪೆಯಿಲ್ಲದ, ಬಣವೆಯಿಲ್ಲದ, ಮೀನು ನಾರುವ ಊರಿನ ಗಂಡಿಗೆ ನಮ್ಮ ಕಡೆಯ ಯಾವ ರೈತ ಹೆಣ್ಣು ಕೊಟ್ಟಾನು?

"ಕೊಡಸತೇನಿ," ಅಂದ ಮಾವ. "ಗಾಳಿ ಮಾರಿದಾಂವ ನಾ. ನಿನ್ನ ಮಾರೂದೇನು ದೊಡ್ಡದು?"

೨. ಮುರಗೋಡದ ಮೂಗು

ಮೊದಲು ಬಂದವರು ಮುರಗೋಡದ ಒಬ್ಬ ಗೌಡರು. ಎದೆಯಲ್ಲಿ ಕಫ ಕಟ್ಟಿತ್ತು. ದಿನಾ ಎರಡೂ ಹೊತ್ತು ಸಮುದ್ರದ ದಂಡೆಯಲ್ಲಿ ಕೂತು ಎದೆ ತುಂಬ ಗಾಳಿ ಎಳೆಯಬೇಕೆಂದು ಬೆಳಗಾವಿಯ ಡಾಕ್ಟರು ಹೇಳಿ ಕಳಿಸಿದ್ದರು. ಗೌಡರ ಅಣ್ಣನಿಗೆ ಲಗ್ನಕ್ಕೆ ಬಂದ ಮಗಳಿದ್ದಳು. ಬಂಡಿಯಿಂದ ಅವರನ್ನು ಇಳಿಸುವಾಗಲೇ ಮಾವ ನನ್ನ ಕಿವಿಯಲ್ಲಿ, "ಚಂದಂಗ ನೋಡ್ಕೋ. ಇವರಿಗೆ ಗಾಳಿ ಹಿಡಿಸಿದ್ರ ಹುಡುಗಿ ಬಂದಂಗ" ಅಂದ.

ದಂಡೆಗೆ ಕರೆದುಕೊಂಡು ಹೋದೆ. ಅಲ್ಲಿ ಕೋಳಿಗಳು, ಅಂದರೆ ಮೀನು ಹಿಡಿಯುವ ಜನ, ಉದ್ದಕ್ಕೂ ಮೀನು ಒಣಹಾಕಿದ್ದರು. ಗಾಳಿ ಅದರ ಮೇಲಿಂದಲೇ ಬರುತ್ತಿತ್ತು. ಗೌಡರು ಒಂದು ಉಸಿರು ಎಳೆದವರು ಎರಡನೆಯದನ್ನು ಎಳೆಯಲಿಲ್ಲ. ರುಮಾಲು ಬಿಚ್ಚಿ ಮೂಗು-ಬಾಯಿ ಕೂಡಿಸಿ ಬಿಗಿದು ಕಟ್ಟಿಕೊಂಡರು.

"ಗೌಡ್ರ, ಮೂಗು ಬಿಚ್ಚಿ ತಗೋಬೇಕ್ರಿ," ಅಂದೆ.

"ಗಾಳಿ ಜೋಡಿ ಮೀನೂ ಒಳಗ ಹೋಗತೈತಲ್ಲೋ. ಲಿಂಗ ಕಟ್ಟಿದ ಎದಿ ಇದು."

ಆ ಸಂಜೆಯೇ ಅವರು ಹೊರಟುಬಿಡುವವರಿದ್ದರು. ಮಾವ ಒಂದು ಉಪಾಯ ಮಾಡಿದ. ಗೌಡರ ಪೂಜೆಯ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು ಪುಡಿ ಮಾಡಿ ರುಮಾಲಿನ ಮಡಿಕೆಯಲ್ಲಿ ತುಂಬಿದ. "ಈಗ ಎಳೀರಿ. ಮೀನು ಹೊರಗ ಉಳಿತೈತಿ, ಗಾಳಿ ಸೋಸಿ ಒಳಗ ಬರತೈತಿ."

ಗೌಡರು ನಂಬಿ ಎದೆ ತುಂಬ ಎಳೆದರು. ಗಾಳಿಗಿಂತ ಮೊದಲು ವಿಭೂತಿ ಒಳಗೆ ಹೋಯಿತು. ಆಮೇಲೆ ಅವರು ಸೀನಿದ ಸೀನಿಗೆ ಮೀನಿನ ಮೇಲೆ ಕೂತ ಕಾಗೆಗಳೆಲ್ಲ ಎದ್ದು ಹಾರಿದವು. ಮುಂಜಾನೆ ಸೀನು, ಸಂಜೆ ಸೀನು. ಹಾಗೆ ಸೀನಿ ಸೀನಿ ಎದೆಯ ಕಫವೆಲ್ಲ ಕಿತ್ತು ಬಂತು. ಮನುಷ್ಯ ಹಗುರಾದರು, ಹಸಿವಾಯಿತು, ಅವ್ವನ ರೊಟ್ಟಿಬುಟ್ಟಿ ತಳ ಕಂಡಿತು. ಹೋಗುವಾಗ ನನ್ನ ಬೆನ್ನು ಚಪ್ಪರಿಸಿದರು. ನಾನು ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡೆ.

ಊರು ಸೇರಿದ ಗೌಡರನ್ನು ಜನ ಸುತ್ತುಗಟ್ಟಿ ಕೇಳಿದರಂತೆ, "ಗಾಳಿ ಹ್ಯಾಂಗೈತ್ರಿ?"

"ಭಾಳ ಛಲೋ ಐತಿ," ಅಂದರಂತೆ ಗೌಡರು. "ಮೂಗು ಮುಚ್ಚಿಕೊಂಡು ತಗೋಬೇಕು ಅಷ್ಟ."

ಮುರಗೋಡದ ಸಂಬಂಧ ಅಲ್ಲಿಗೆ ತಪ್ಪಿತು.

೩. ರಾಮದುರ್ಗದ ಎತ್ತು

ಎರಡನೆಯ ಸಲ, ಮಾವ ಗೊತ್ತುಮಾಡಿದ ರಾಮದುರ್ಗದ ಹುಡುಗಿಯ ಕಾಕಾ ಬಂದ. ಊರು ಎಂಥದ್ದು ನೋಡಿಕೊಂಡು ಬರಲು ಮನೆಯವರು ಕಳಿಸಿದ್ದರು. ತನ್ನ ಬಂಡಿಯಲ್ಲೇ, ತನ್ನ ಎತ್ತುಗಳ ಜೋಡಿ ಬಂದಿದ್ದ. ಮನುಷ್ಯರ ಮಾತಿಗಿಂತ ಎತ್ತುಗಳ ಮಾತಿಗೆ ಬೆಲೆ ಕೊಡುವ ಮನುಷ್ಯ.

ಬಂದವನೇ ಎತ್ತುಗಳನ್ನು ನೀರು ಕುಡಿಸಲು ಸಮುದ್ರಕ್ಕೆ ಹೊಡೆದ. ಬೇಡವೆಂದು ನಾನು ಹೇಳುವಷ್ಟರಲ್ಲಿ ಎತ್ತುಗಳೇ ಮೂಸಿ ಹಿಂದೆ ಸರಿದವು. "ಇಷ್ಟು ನೀರು ಐತಿ, ಕುಡಿಯಾಕೇನ ಧಾಡಿ?" ಎಂದು ಬೈದು, ತಾನೇ ಒಂದು ಬೊಗಸೆ ಕುಡಿದ. ಉಗುಳಿದ. ಎತ್ತುಗಳ ಕಡೆ ತಿರುಗಿ, "ತಪ್ಪಾತ್ರಪ್ಪಾ" ಅಂದ.

ಅಷ್ಟಕ್ಕೇ ಮುಗಿದಿದ್ದರೆ ನೆಟ್ಟಗಿತ್ತು. ಬಿಳಿ ಎತ್ತು ದಂಡೆಯಲ್ಲೇ ನಿಂತಿತು. ಕರಿ ಎತ್ತಿಗೆ ಮಾತ್ರ ಅಲೆ ಹಿಡಿಸಿತು. ಒಳಗೆ ಹೋಗಿ ಕೂತಿದ್ದು ಹೊತ್ತೇರುವತನಕ ಏಳಲಿಲ್ಲ. ಆಮೇಲೆ ಬಿಸಿಲಿಗೆ ಮೈಯೊಣಗಿ ಕರಿ ಎತ್ತಿನ ಬೆನ್ನಿನ ಮೇಲೆ ಬಿಳಿ ಉಪ್ಪು ಹೆಪ್ಪುಗಟ್ಟಿತು.

ಮಧ್ಯಾಹ್ನ ಅವನನ್ನು ಬೀಳ್ಕೊಡಲು ನಾನು ಊರ ಹೊರಗಿನ ಸುಂಕದ ನಾಕಾತನಕ ಹೋದೆ. ಉಪ್ಪೆಲ್ಲ ಸರಕಾರದ್ದೆನ್ನುವ ಕಾಲ. ಪರವಾನಿಗೆ ಇಲ್ಲದೆ ಒಂದು ಹಿಡಿ ಒಯ್ಯುವ ಹಾಗಿರಲಿಲ್ಲ. ನಾಕಾದ ಸಿಪಾಯಿ ಬಂಡಿಯೆಲ್ಲ ತಡಕಿದ, ಏನೂ ಸಿಗಲಿಲ್ಲ. ಕೊನೆಗೆ ಕರಿ ಎತ್ತಿನ ಮೇಲೆ ಕಣ್ಣು ಬಿತ್ತು. ಬೆರಳಾಡಿಸಿ ನಾಲಿಗೆಗೆ ಹಚ್ಚಿ ನೋಡಿದ. ಅವನ ಮುಖ ಅರಳಿತು. ಅವನ ಮಾತು ಮರಾಠಿ, ಕಾಕಾನದು ಕನ್ನಡ, ನಡುವೆ ನಾನು ದುಭಾಷಿ.

"ಬೆವರು ಅಂತ ಹೇಳವಗ," ಅಂದ ಕಾಕಾ.

"ಬೆವರಾಗಿದ್ದರೆ ಬಿಳಿ ಎತ್ತಿಗೆ ಯಾಕೆ ಇಲ್ಲ?" ಅಂದ ಸಿಪಾಯಿ.

"ಅದು ಮೈಗಳ್ಳ. ಅದಕ್ಕ ಎಲ್ಲಿ ಬೆವರು?"

ಸಿಪಾಯಿ ಒಪ್ಪಲಿಲ್ಲ. ಮಾಲು ಜಪ್ತಿ ಮಾಡಬೇಕು, ಎತ್ತಿನಿಂದ ಬೇರ್ಪಡಿಸುವುದು ಹೇಗೆಂದು ಸಾಹೇಬರನ್ನೇ ಕೇಳುತ್ತೇನೆ ಎಂದು ಹೋದ. ಸಾಹೇಬ ಊಟ ಮುಗಿಸಿ, ಕೋಟು ತೊಟ್ಟು, ತಕ್ಕಡಿ ಹಿಡಿಸಿಕೊಂಡು ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅಷ್ಟರಲ್ಲಿ ಬಿಳಿ ಎತ್ತು ಕರಿ ಎತ್ತನ್ನು ಬೆನ್ನಿನಿಂದ ಬಾಲದತನಕ ನೆಕ್ಕಿ ನುಣ್ಣಗೆ ಮಾಡಿಟ್ಟಿತ್ತು.

"ಉಪ್ಪು ಎಲ್ಲಿ?" ಅಂದ ಸಾಹೇಬ.

ಕಾಕಾ ಕೈ ಮುಗಿದು ಬಿಳಿ ಎತ್ತಿನ ಹೊಟ್ಟೆ ತೋರಿಸಿದ. "ಮಾಲು ಈಗ ಒಳಗೈತ್ರಿ, ಸಾಹೇಬ್ರ. ನಾಳೆ ಮುಂಜಾನಿತನಕಾ ತಡದ್ರ ಅದ ಹೊರಗ ಹಾಕತೈತಿ. ತಕ್ಕಡಿ ಇಲ್ಲೇ ಇರ್ಲಿ."

ನಾನು ಇದನ್ನು ಮರಾಠಿಯಲ್ಲಿ ಹೇಳಲಿಲ್ಲ. ಹೇಳದೆಯೂ ಸಾಹೇಬನಿಗೆ ತಿಳಿಯಿತು, ಬಿಟ್ಟುಬಿಟ್ಟ. ಆದರೆ ರಾಮದುರ್ಗದಿಂದ ಬಂದ ಉತ್ತರ ಮಾತ್ರ ಖಡಾಖಡಿಯಾಗಿತ್ತು. ಎತ್ತಿನ ಮೈಯನ್ನೂ ತಡಕಿ ಝಡತಿ ಮಾಡುವ ಊರಿಗೆ ಹೆಣ್ಣು ಕೊಟ್ಟರೆ, ಉಪ್ಪಿನಕಾಯಿ ಕಟ್ಟಿಕೊಂಡು ಆಕೆ ತವರಿಗೆ ಬರುವುದು ಹೇಗೆ?

೪. ಸವದತ್ತಿಯ ಸಿಟ್ಟು

ಸವದತ್ತಿಯವರು ಬರಲೇ ಇಲ್ಲ. ಹುಡುಗಿಯ ಅಪ್ಪ ಮಾವನನ್ನು ಸಂತೆಯಲ್ಲೇ ನಿಲ್ಲಿಸಿ ಕೇಳಿದನಂತೆ, "ಹುಡುಗನ ಮನಿ ಹಿಂದ ಏನೈತಿ?"

"ಸಮುದ್ರ."

"ಅದರಾಚಿಗೆ?"

"ಅದೂ ಸಮುದ್ರನ."

ಅವನು ಅಲ್ಲಿಯೇ ಕೈಯಾಡಿಸಿಬಿಟ್ಟನಂತೆ. "ಒಲ್ಲೇವ್ರಿ. ನಮ್ಮ ಹುಡುಗಿ ಸಿಟ್ಟಿನಾಕಿ. ಸಿಟ್ಟು ಬಂತಂದ್ರ ಮಾರಿ ಆದ ಕಡಿ ಎದ್ದು ಹೊಂಟಬಿಡತಾಳ. ಸವದತ್ತ್ಯಾಗ ಯಾವ ಕಡಿ ಹೋದ್ರೂ ಒಂದು ಊರು ಸಿಗತೈತಿ, ಸಂಬಂಧಿಕರು ಹಿಡದು ಕುಂಡ್ರಸತಾರ. ನಿಮ್ಮಲ್ಲಿ ಯಾರು ಹಿಡೀಬೇಕು?"

ಮಾವನಿಗೆ ಬೇಸರವಾಯಿತು. ನಾನು ಮಾತ್ರ ಹಿತ್ತಲಿಗೆ ಹೋಗಿ ಸಮುದ್ರಕ್ಕೆ ಕೈಮುಗಿದು ಬಂದೆ.

೫. ಅಜ್ಜಿ ಉಡಿ ತುಂಬಿದ್ದು

ಸುಗ್ಗಿ ಮುಗಿಯುತ್ತ ಬಂತು. ಅವ್ವ ಒಂದೊಂದೇ ಪಾತ್ರೆ ತೊಳೆದು ಕಟ್ಟಿಡತೊಡಗಿದ್ದಳು. ಆಗ ಮಾವ ಕಿತ್ತೂರ ಸಮೀಪದ ಒಂದು ಹಳ್ಳಿಯಿಂದ ಹುಡುಗಿಯ ಅಪ್ಪನನ್ನೂ ಅವನ ತಾಯಿಯನ್ನೂ ಬಂಡಿ ಹತ್ತಿಸಿಕೊಂಡು ಬಂದ. ಆ ಮನೆಯಲ್ಲಿ ಅಜ್ಜಿ ಹೂಂ ಅಂದರೆ ಹೂಂ. ಇನ್ನು ಕೇಳುವ ಮನೆ ಬೇರೆ ಉಳಿದಿರಲಿಲ್ಲ.

ಅವರು ಬಂದಿದ್ದು ಕತ್ತಲಾದ ಮೇಲೆ. ಮರುದಿನ ಮುಂಜಾನೆ ಹುಡುಗಿಯ ಅಪ್ಪ ಘಟ್ಟದ ದಾರಿಯಲ್ಲಿ ಕುಲುಕಿದ ಮೈಗೆ ಎಣ್ಣೆ ತಿಕ್ಕಿಸಿಕೊಂಡು ಮಲಗಿಬಿಟ್ಟ. ಅಜ್ಜಿ ಮಾತ್ರ ಸಮುದ್ರ ನೋಡಬೇಕೆಂದು ಹೊರಟಳು. ನಮ್ಮ ಹೆಣ್ಣುಮಕ್ಕಳು ಹೊಸ ಹೊಳೆ ಕಂಡರೆ ಉಡಿ ತುಂಬದೆ ಬಿಡುವುದಿಲ್ಲ. ಹೊಳೆಯವ್ವನಿಗೆ ಸೀರೆ, ಖಣ, ಬಳೆ, ಕೊಬ್ಬರಿ ಕೊಟ್ಟು ಕೈಮುಗಿಯಬೇಕು. ಅಜ್ಜಿ ಊರಿನಿಂದಲೇ ಒಂದು ಹಸಿರು ಇಳಕಲ್ಲ ಸೀರೆ ತಂದಿದ್ದಳು. ಮೊಳಕಾಲು ನೀರಿನಲ್ಲಿ ನಿಂತು ಸೀರೆ ಬಿಟ್ಟಳು. ಅಲೆ ಬಂತು, ಸೀರೆ ತಂದು ಅವಳ ಕಾಲ ಬಳಿಯೇ ಇಟ್ಟು ಹೋಯಿತು.

ಮಡಿಕೆ ಸರಿಯಾಗಲಿಲ್ಲವೆಂದು ಹಿಂಡಿ ಮಡಿಸಿ ಮತ್ತೆ ಕೊಟ್ಟಳು. ಮತ್ತೆ ಬಂತು. ಬಣ್ಣ ಒಪ್ಪಲಿಲ್ಲವೇನೋ ಎಂದು ಪೇಟೆಯಿಂದ ಕೆಂಪು ಸೀರೆ ತರಿಸಿದಳು. ಅದೂ ಬಂತು, ಬಂದು ಕಾಲಿಗೆ ಸುತ್ತಿಕೊಂಡಿತು.

ಅಜ್ಜಿಯ ಮುಖ ಬಾಡಿತು. "ನಮ್ಮ ಮಲಪ್ರಭಾ ಕೊಟ್ಟದ್ದು ಕೊಟ್ಟಂಗ ತಗೋತಾಳ. ಈಕಿಗೆ ನಮ್ಮ ಮನಿ ಸೀರಿನ ಬ್ಯಾಡಾದ್ರ, ನಮ್ಮ ಮನಿ ಹುಡುಗಿ ಬೇಕಾದಾಳೇನು?"

ಅದು ಭರತಿಯ ಹೊತ್ತು, ನೀರು ಏರುತ್ತಿತ್ತು. ಏರುವ ನೀರು ಕೊಟ್ಟದ್ದನ್ನೆಲ್ಲ ದಂಡೆಗೇ ತಂದು ಹಾಕುತ್ತದೆ, ಇಳಿಯುವಾಗ ಕೇಳದೆಯೇ ಒಯ್ಯುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಶಕುನ ನೋಡುತ್ತ ನಿಂತವಳಿಗೆ ಭರತಿಯ ಲೆಕ್ಕ ಹೇಳುವವರಾರು?

ಮಾವ ಮುಂದೆ ಬಂದ. "ತಪ್ಪು ನಿಮ್ದಲ್ರಿ ಅವ್ವಾರ. ಇದೇನು ಹೊಳಿ ಅಲ್ಲ. ಹೊಳಿ ಹೆಂಗಸು, ಸಮುದ್ರ ಗಂಡಸು. ಗಂಡಸಿಗೆ ಸೀರಿ ಕೊಟ್ರ ಆತ ತಾನ ಏನು ಮಾಡಬೇಕು?"

ಅಜ್ಜಿ ಗಕ್ಕನೆ ಸೆರಗು ತಲೆಯ ಮೇಲೆಳೆದುಕೊಂಡು ಸಮುದ್ರಕ್ಕೆ ಬೆನ್ನು ಮಾಡಿ ನಿಂತಳು. "ಮೊದಲ ಹೇಳಬಾರದೇನೋ, ತಮ್ಮಾ? ಮುಂಜಾನಿಂದ ಪರಗಂಡಸಿನ ಮುಂದ ನಿರಗಿ ಎತ್ತಿ ಕಟ್ಕೊಂಡು ನಿಂತೇನಲ್ಲ."

ನಾನು ಇದೇ ಸಮಯವೆಂದು, "ಮಧ್ಯಾಹ್ನ ಬರೂಣ್ರಿ. ಈಗ ಆತನದೂ ಊಟದ ಹೊತ್ತು" ಎಂದು ಮನೆಗೆ ಕರೆತಂದೆ. ನೀರು ಇಳಿಯತೊಡಗುವತನಕ ಅವ್ವ ಆಕೆಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು.

ಊಟವಾದ ಮೇಲೆ ಅಜ್ಜಿ ಹಗ್ಗದ ಮೇಲೆ ಒಣಗುತ್ತಿದ್ದ ಒಂದು ಜರಿಯಂಚಿನ ಧೋತರ ಕಂಡಳು. ಮಾವನ ಧೋತರ ಅದು, ಲಗ್ನಗಳಿಗೆಂದೇ ಇಟ್ಟದ್ದು. "ಇದನ್ನ ಕೊಡೂಣು" ಅಂದಳು. ಮಾವ ನಗುತ್ತಲೇ ಒಪ್ಪಿದ, ಆದರೆ ಆ ನಗೆ ಮುಖದ ಅರ್ಧಕ್ಕೇ ನಿಂತಿತ್ತು. ಅಜ್ಜಿ ಮುಖ ತಿರುವಿಕೊಂಡೇ ಧೋತರ ನೀರಿಗೆ ಬಿಟ್ಟಳು. ಇಳಿಯುವ ನೀರು ಅದನ್ನು ಗಪ್ಪನೆ ಎಳೆದುಕೊಂಡಿತು. ಒಮ್ಮೆ ಬಿಚ್ಚಿ ಹರಡಿ, ಜರಿ ಮಿಂಚಿಸಿ, ಕಾಣದಂತಾಯಿತು.

"ನೋಡಿದ್ರೇನು?" ಅಂದಳು ಅಜ್ಜಿ. "ಪರರ ಸೀರಿ ಮುಟ್ಟಲಿಲ್ಲ. ಭಾಳ ಮಾನವಂತ. ಇಂಥವರ ನೆರಿ ಇದ್ರ ಹುಡುಗಿಗೆ ಯಾವ ಅಂಜಿಕೀನೂ ಇಲ್ಲ."

೬. ಮನೆಯ ಹಿಂದಿನ ಹೊಲ

ಅಜ್ಜಿ ಒಪ್ಪಿದಳೆಂದು ನಾನು ಹಿಗ್ಗಿದ್ದೆ. ಸಂಜೆಗೆ ಹುಡುಗಿಯ ಅಪ್ಪ ಎದ್ದ. ಮೈನೋವು ಇಳಿದಿತ್ತು. ಮನೆಯೆಲ್ಲ ಸುತ್ತಿ ನೋಡಿ, ನಾನು ಯಾವ ಮಾತಿಗೆ ಅಂಜುತ್ತಿದ್ದೆನೋ ಅದನ್ನೇ ಕೇಳಿದ.

"ಎಲ್ಲಾ ಛಲೋ ಐತಿ. ಹೊಲಾ ಎಲ್ಲೈತಿ?"

ಮಾವ ಹಿತ್ತಲ ಬಾಗಿಲು ತೆರೆದ. ಹೊರಗೆ ನೀರು ಪೂರ್ತಿ ಇಳಿದುಹೋಗಿ, ಕಣ್ಣು ಹಾಯುವತನಕ ಒದ್ದೆ ಮರಳು ಬಯಲಾಗಿ ಬಿದ್ದಿತ್ತು.

"ಬರ್ರಿ ಅಣ್ಣಾರ," ಅಂದ ಮಾವ. "ಇದ."

ಹುಡುಗಿಯ ಅಪ್ಪ ಕಾಲ್ಮರಿ ಬಿಟ್ಟು ಇಳಿದ. ಹೆಜ್ಜೆಯೂರಿ ನೋಡಿದ, ಒಂದು ಹಿಡಿ ತೆಗೆದು ಹಿಸುಕಿದ. "ಮರಳು ಹೆಚ್ಚೈತಿ. ಆದರ ಒಂದು ಕಲ್ಲಿಲ್ಲ, ದಿನ್ನಿಲ್ಲ. ಹಲಗಿ ಹೊಡದಂಗೈತಿ. ಮತ್ತ ಬೀಳ ಯಾಕ ಬಿಟ್ಟೀರಿ?"

"ಇನ್ನಾ ಹದಾ ಬಂದಿಲ್ರಿ."

"ಬಾಂದು ಎಲ್ಲೀತನಕ?"

ಮಾವ ದೂರಕ್ಕೆ ಕೈ ಚಾಚಿದ. "ಅಲ್ಲಿ ನೀರು ಮಿಂಚತೈತಲ್ರಿ, ಅಲ್ಲೀತನಕ ನಮ್ದು."

"ಆ ನೀರು?"

"ಅದು ಮಗ್ಗಲ ಹೊಲದವರದು."

ಹುಡುಗಿಯ ಅಪ್ಪ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೆಜ್ಜೆ ಹಾಕಿ ಅಳೆದ. ತುದಿಯಲ್ಲಿ ನಿಂತು ಮಗ್ಗಲ ಹೊಲವನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಬಂದು, ಉಂಡು ಮಲಗಿದ. ಮಾವನೂ ಮಲಗಿದ. ನನಗೊಬ್ಬನಿಗೆ ಅಂದು ಅಲೆಯ ಸಪ್ಪಳದಿಂದಲೇ ನಿದ್ದೆ ಬರಲಿಲ್ಲ.

ಮರುದಿನ ಹುಡುಗಿಯ ಅಪ್ಪ ಸ್ನಾನ, ಪೂಜೆ ಮುಗಿಸಿ, ನಾಷ್ಟಾ ಮಾಡಿ ಹಿತ್ತಲ ಬಾಗಿಲು ತೆರೆದಾಗ ಭರತಿ ಪೂರ್ತಿ ಏರಿತ್ತು. ಹೊಲವಿರಲಿಲ್ಲ. ಅಲೆ ಬಂದು ಹೊಸ್ತಿಲ ಕೆಳಗಿನ ಕಲ್ಲಿಗೆ ಬಡಿಯುತ್ತಿತ್ತು.

ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನ್ರೀ, ಮಗ್ಗಲ ಹೊಲದಾಂವ ಪೂರಾ ಒತ್ತಿಬಿಟ್ಟಾನಲ್ಲ?"

"ಒತ್ತಿಲ್ರಿ ಅಣ್ಣಾರ," ಅಂದ ಮಾವ. "ನಾವ ನೀರು ಹಾಯಿಸೇವಿ. ಬಿತ್ತೂದಕ್ಕಿಂತ ಮೊದಲ ಒಂದು ಸಲ ನೆಲಾ ನೆನೀಲಿ ಅಂತ."

ಹುಡುಗಿಯ ಅಪ್ಪ ತಲೆಯಾಡಿಸಿದ. ಅದೇ ಹೊತ್ತಿಗೆ ಹಾಯಿ ಬಿಚ್ಚಿದ ಒಂದು ದೊಡ್ಡ ದೋಣಿ, ನಿನ್ನೆ ಅವನು ಹೆಜ್ಜೆ ಹಾಕಿ ಅಳೆದ ಹೊಲದ ನಟ್ಟನಡುವೆ ಹಾಯ್ದುಹೋಯಿತು. ಅದು ಈ ತುದಿಯಿಂದ ಆ ತುದಿ ಮುಟ್ಟುವತನಕ ಅವನು ಕಣ್ಣು ಕೀಳದೆ ನೋಡಿದ. ಆಮೇಲೆ ಮಾವನ ಕಡೆ ತಿರುಗಿದ.

"ಅದು?"

ಹತ್ತಿ ಮಾರಿದ, ಗಾಳಿ ಮಾರಿದ ನನ್ನ ಮಾವ ಬಾಯಿ ತೆರೆದ. ಮಾತು ಬರಲಿಲ್ಲ. ಅವನ ಮಾತು ನಿಂತದ್ದನ್ನು ಅಂದೇ ಮೊದಲು ನಾನು ನೋಡಿದ್ದು. ಒಳಗೆ ಅವ್ವ ಕಟ್ಟಿಡಬೇಕಾದ ಕೊನೆಯ ಪಾತ್ರೆ, ಹಿಟ್ಟು ನಾದುವ ಪರಾತ, ಎತ್ತಿಕೊಂಡ ಸಪ್ಪಳ ಕೇಳಿಸಿತು. ಎಲ್ಲ ಮುಗಿಯಿತು ಅಂದುಕೊಂಡೆ. ಅಳು ಬರುವುದೊಂದು ಬಾಕಿ.

ಹುಡುಗಿಯ ಅಪ್ಪ ರುಮಾಲು ಸುತ್ತಿಕೊಂಡು ಒಳಗೆ ಬಂದು ಕೂತ. "ನಮ್ಮವ್ವಗ ನೆರಿಮನ್ಯಾಂವ ಮನಸಿಗೆ ಬಂದಾನ. ಅಕಿ ಒಪ್ಪಿದ ಮ್ಯಾಲೆ ನಂದೇನೈತಿ? ಹುಡುಗಿನ್ನ ಕೊಡತೇನಿ. ಒಂದ ಕರಾರು."

"ಹೇಳ್ರಿ," ಅಂದೆ.

"ಆ ಹೊಲದಾಗ ಕಳೆ ತಗಿಯಾಕ ನನ್ನ ಮಗಳನ್ನ ಕಳಸಬಾರದು."

ಅಂದ ಅವನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ಅವನಿಗೆ ಎಲ್ಲ ತಿಳಿದಿತ್ತೋ, ಏನೂ ತಿಳಿದಿರಲಿಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿನತನಕ ಬಂದಿಲ್ಲ. ಆದರೆ ಕೊಟ್ಟ ಮಾತೆಂದರೆ ಮಾತು. ಲಗ್ನವಾಗಿ ಇಷ್ಟು ವರ್ಷಗಳಾದರೂ ನಾನು ಆಕೆಯನ್ನು ಒಂದು ದಿನವೂ ಕಳೆ ತೆಗೆಯಲು ಕಳಿಸಿಲ್ಲ.